ಪಿಯು ಮುಗಿಸಿ ಇಂಜಿನಿಯರಿಂಗ್‌ಗೆ ಬಂದವರ ಮೊದಲ ವರ್ಷ: ಕಾಗದಪತ್ರದಿಂದ ಸೆಮ್ ಪರೀಕ್ಷೆಯವರೆಗೆ

ಸಿಇಟಿ ರ‍್ಯಾಂಕ್ ಬಂತು, ಸೀಟು ಸಿಕ್ಕಿತು, ಊರಿನವರೆಲ್ಲ ಬೆನ್ನು ತಟ್ಟಿದರು. ಆಮೇಲೆ ಎರಡೇ ತಿಂಗಳಿಗೆ ಮೊದಲ ಇಂಟರ್ನಲ್ಸ್ (ಕಾಲೇಜೇ ನಡೆಸುವ ಆಂತರಿಕ ಪರೀಕ್ಷೆ) ಪೇಪರ್ ಕೈಗೆ ಬರುತ್ತದೆ, ಅದರಲ್ಲಿ ಐವತ್ತಕ್ಕೆ ಹನ್ನೊಂದು. ಪಿಯುವಿನಲ್ಲಿ ಶೇ. 90ರ ಮೇಲೆ ತೆಗೆದವರಿಗೂ ಹೀಗಾಗುತ್ತದೆ. ಬುದ್ಧಿ ರಾತ್ರೋರಾತ್ರಿ ಎಲ್ಲೂ ಹೋಗುವುದಿಲ್ಲ. ಪಿಯುವಿನಲ್ಲಿ ಯಾವುದನ್ನು ಯಾವಾಗ ಓದಬೇಕು, ಯಾವ ಅರ್ಜಿ ಯಾವಾಗ ತುಂಬಬೇಕು ಎಂದು ಮೇಷ್ಟ್ರೋ ಮನೆಯವರೋ ನೆನಪಿಸುತ್ತಿದ್ದರು. ಇಲ್ಲಿ ಎಲ್ಲವೂ ಒಂದು ನೋಟಿಸಿನಲ್ಲಿ ಬಂದು ಹೋಗುತ್ತದೆ. ಕೇಳಿದವರಿಗೆ ಉತ್ತರ ಸಿಗುತ್ತದೆ, ಸುಮ್ಮನಿದ್ದವರನ್ನು ಯಾರೂ ವಿಚಾರಿಸುವುದಿಲ್ಲ. ಮೊದಲ ವರ್ಷ ಎಡವುವವರಲ್ಲಿ ಹೆಚ್ಚಿನವರು ಕೇಳಬೇಕಾದ ಹೊತ್ತಿನಲ್ಲಿ ಕೇಳದೇ ಹೋದವರು.

ತಾಲ್ಲೂಕು, ಹೋಬಳಿ ಮಟ್ಟದ ಕಾಲೇಜುಗಳಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಅಂದರೆ ವಿಟಿಯುವಿನ ಕಾಲೇಜುಗಳಿಗೆ ಬರುವವರಿಗಾಗಿ ಇದನ್ನು ಬರೆದಿದ್ದೇವೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಭಾಷೆಯ ಭಾಗವನ್ನು ಎರಡು ಸಲ ಓದಿ. ಅಟಾನಮಸ್ ಕಾಲೇಜಿಗೆ ಸೇರಿದ್ದರೆ ಪ್ರಶ್ನೆಪತ್ರಿಕೆ, ಅಂಕದ ಹಂಚಿಕೆ, ಕ್ಯಾಲೆಂಡರ್ ಎಲ್ಲ ಆ ಕಾಲೇಜಿನದೇ ಇರುತ್ತದೆ. ಅಲ್ಲಿನ ನಿಯಮ ಪುಸ್ತಕವನ್ನು ಮೊದಲ ದಿನವೇ ಕೇಳಿ ಪಡೆಯಿರಿ.

ಊರು ಬಿಡುವ ಮುನ್ನ

ಅಡ್ಮಿಷನ್ ದಿನ ಮೂಲ ಅಂಕಪಟ್ಟಿ, ಟಿಸಿ ಕಾಲೇಜಿನ ಕಪಾಟು ಸೇರುತ್ತವೆ. ಮತ್ತೆ ಒಂದು ದಿನಕ್ಕೆ ಬೇಕೆಂದರೂ ಅರ್ಜಿ ಬರೆದು ಕಾಯಬೇಕು. ಹಾಗಾಗಿ ಹೊರಡುವ ಮುನ್ನವೇ ಎಸ್ಸೆಸ್ಸೆಲ್ಸಿ ಮತ್ತು ಪಿಯು ಅಂಕಪಟ್ಟಿ, ಟಿಸಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ, ಆಧಾರ್, ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಅಡ್ಮಿಷನ್ ಆರ್ಡರ್, ಇವಿಷ್ಟಕ್ಕೂ ನಾಲ್ಕು ಸೆಟ್ ಜೆರಾಕ್ಸ್ ಮಾಡಿಸಿ. ಪ್ರತಿಯೊಂದನ್ನೂ ಸ್ಕ್ಯಾನ್ ಮಾಡಿ ನಿಮ್ಮ ಇಮೇಲ್‌ಗೇ ಕಳಿಸಿಕೊಂಡಿರಿ. ಮೊಬೈಲಿನಲ್ಲಿ ಓರೆಯಾಗಿ ತೆಗೆದ, ಅಂಚು ಕತ್ತರಿಸಿಹೋದ ಫೋಟೋ ಸಾಲದು. ಪಾಸ್‌ಪೋರ್ಟ್ ಅಳತೆಯ ಫೋಟೋ ಒಂದು ಡಜನ್ ಇರಲಿ.

ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ಹೈಸ್ಕೂಲಿನಲ್ಲಿದ್ದಾಗ ಮಾಡಿಸಿದ್ದು ಈ ವರ್ಷ ಮುಗಿಯುತ್ತಿರಬಹುದು. ದಿನಾಂಕ ನೋಡಿ, ಮುಗಿಯುವಂತಿದ್ದರೆ ಊರಲ್ಲಿರುವಾಗಲೇ ನಾಡಕಚೇರಿಯಲ್ಲಿ ಹೊಸದಕ್ಕೆ ಅರ್ಜಿ ಹಾಕಿ. ಸೆಮ್ ನಡುವೆ ಇದಕ್ಕಾಗಿ ಊರಿಗೆ ಓಡಿದರೆ ಮೂರು ದಿನದ ಹಾಜರಾತಿ ಹೋಗುತ್ತದೆ. ಪ್ರಮಾಣಪತ್ರದ ಮೇಲಿನ ಆರ್‌ಡಿ ನಂಬರನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ, ಪದೇ ಪದೇ ಬೇಕಾಗುತ್ತದೆ.

ಹೆಸರು ತಾಳೆಯಾಗುತ್ತದೆಯೇ ಎಂಬುದನ್ನೂ ಈಗಲೇ ನೋಡಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಕೊನೆಗೆ, ಆಧಾರ್‌ನಲ್ಲಿ ಮೊದಲಿಗೆ, ಬ್ಯಾಂಕ್ ಪುಸ್ತಕದಲ್ಲಿ ಅಪ್ಪನ ಪೂರ್ತಿ ಹೆಸರು. ನಮ್ಮ ಕಡೆ ಇದು ತೀರಾ ಸಾಮಾನ್ಯ, ವಿದ್ಯಾರ್ಥಿವೇತನ ನಿಲ್ಲುವುದೂ ಇದರಿಂದಲೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹಾಗೆಯೇ ಆಧಾರ್ ತಿದ್ದಿಸುವುದು ಸುಲಭದ ದಾರಿ. ಅಂಕಪಟ್ಟಿ ತಿದ್ದಿಸಲು ಹೊರಟರೆ ತಿಂಗಳುಗಟ್ಟಲೆ ಅಲೆದಾಟ.

ಉಳಿಯುವ ಜಾಗ

ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲುಗಳಿಗೆ ಆನ್‌ಲೈನ್ ಅರ್ಜಿ ಕರೆಯುತ್ತಾರೆ. ಸೀಟು ಸಿಗಲಿ ಬಿಡಲಿ, ಅರ್ಜಿ ಹಾಕಿ. ಊಟ, ವಸತಿ ಎರಡೂ ಉಚಿತವಾಗಿ ಸಿಗುವ ಜಾಗ ಇನ್ನೊಂದಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳು ಊಟ ಮತ್ತು ವಸತಿಗೆ ನೆರವು ಕೊಡುತ್ತಾರೆ. ಅದಕ್ಕೂ ಅರ್ಜಿ ಬೇಕು, ತಾನಾಗಿ ಬರುವುದಿಲ್ಲ.

ಪಿಜಿ ನೋಡಲು ಹಗಲು ಹನ್ನೊಂದಕ್ಕೆ ಹೋಗಬೇಡಿ. ಸಂಜೆ ಏಳರ ನಂತರ, ಎಲ್ಲರೂ ವಾಪಸ್ ಬಂದಿರುವಾಗ ಹೋಗಿ. ಆಗ ನಲ್ಲಿಯಲ್ಲಿ ನೀರು ಬರುತ್ತದೆಯೇ, ಒಂದು ಬಾತ್‌ರೂಮಿಗೆ ಎಷ್ಟು ಜನ, ಊಟ ಹೇಗಿದೆ, ಗದ್ದಲ ಎಷ್ಟು ಎಲ್ಲ ಕಣ್ಣಿಗೆ ಬೀಳುತ್ತದೆ. ಅಲ್ಲಿರುವ ಹುಡುಗರನ್ನೇ ಒಂದು ಮಾತು ಕೇಳಿ: ಅಡ್ವಾನ್ಸ್ ವಾಪಸ್ ಕೊಡುತ್ತಾರಾ? ಎಷ್ಟು ಹಿಡಿದುಕೊಳ್ಳುತ್ತಾರೆ, ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು ಎಂಬುದು ರಸೀದಿಯ ಮೇಲೆ ಬರಹದಲ್ಲಿ ಇರಲಿ. ಬೆಳಗಿನ ತಿಂಡಿ ಎಂಟೂವರೆಗೆ, ನಿಮ್ಮ ಕಾಲೇಜು ಎಂಟೂವರೆಗೆ ಎಂದಾದರೆ ಆ ಪಿಜಿಯ ತಿಂಡಿ ನಿಮ್ಮ ಪಾಲಿಗೆ ಇಲ್ಲ. ಹಸಿದ ಹೊಟ್ಟೆಯಲ್ಲಿ ಮಧ್ಯಾಹ್ನ ಒಂದು ಗಂಟೆವರೆಗೆ ಪಾಠ ಕೇಳಬೇಕು, ಇಲ್ಲವೇ ಕ್ಯಾಂಟೀನಿಗೆ ದಿನಕ್ಕೆ ನಲವತ್ತೋ ಐವತ್ತೋ ಸುರಿಯಬೇಕು.

ಹುಡುಗಿಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಬೇಕು, ಎಸಿ ಬಸ್ಸಿಗೆ ಇದು ಅನ್ವಯಿಸುವುದಿಲ್ಲ. ಹಾಗಾಗಿ ಕಾಲೇಜಿನ ಪಕ್ಕದ ದುಬಾರಿ ಪಿಜಿಗಿಂತ ನಾಲ್ಕು ಸ್ಟಾಪ್ ಆಚೆ ಇರುವುದನ್ನು ಹುಡುಗಿಯರು ನೋಡಬಹುದು. ಹುಡುಗರು ಸೇವಾ ಸಿಂಧುವಿನಲ್ಲಿ ವಿದ್ಯಾರ್ಥಿ ಪಾಸಿಗೆ ಅರ್ಜಿ ಹಾಕಿ.

ವಿದ್ಯಾರ್ಥಿವೇತನ: ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ

ರಾಜ್ಯ ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಶುಲ್ಕ ಮರುಪಾವತಿ, ವಿದ್ಯಾಸಿರಿ ಎಲ್ಲಕ್ಕೂ ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಒಂದೇ ಬಾಗಿಲು. ಕೆಲಸವನ್ನು ಈ ಕ್ರಮದಲ್ಲಿ ಮಾಡಿ.

1. ಮೊದಲು ಬ್ಯಾಂಕ್. ಹಣ ಬರುವುದು ಖಾತೆ ಸಂಖ್ಯೆ ನೋಡಿ ಅಲ್ಲ, ಆಧಾರ್ ನೋಡಿ. ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆ) ಮಟ್ಟದಲ್ಲಿ ಜೋಡಣೆಯಾಗಿದೆಯೋ ಅಲ್ಲಿಗೇ ಹೋಗುತ್ತದೆ. ಮೈಆಧಾರ್ ಜಾಲತಾಣಕ್ಕೆ ಲಾಗಿನ್ ಆಗಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿ. ಬ್ಯಾಂಕಿನವರು ‘ಆಧಾರ್ ಲಿಂಕ್ ಆಗಿದೆ’ ಎಂದರೆ ಸಾಲದು. ಕೆವೈಸಿಗೆ ಆಧಾರ್ ಕೊಟ್ಟಿದ್ದು ಬೇರೆ, ಎನ್‌ಪಿಸಿಐ ಜೋಡಣೆ ಬೇರೆ. ಸಿಮ್ ಕೊಳ್ಳುವಾಗ ಅಂಗಡಿಯವರು ಹೆಬ್ಬೆಟ್ಟು ಒತ್ತಿಸಿ ತೆರೆದ ಖಾತೆಯೊಂದಕ್ಕೆ ಜೋಡಣೆ ಬದಲಾಗಿ, ಹಣ ಅಲ್ಲಿ ಹೋಗಿ ಕೂತಿರುವುದೂ ಉಂಟು.

2. ಎಸ್‌ಎಸ್‌ಪಿಯಲ್ಲಿ ಖಾತೆ ತೆರೆಯುವಾಗ ಆಧಾರ್‌ನಲ್ಲಿರುವ ಹೆಸರನ್ನು ಅಕ್ಷರಕ್ಕೆ ಅಕ್ಷರ ಕೊಡಿ. ಮೊಬೈಲ್ ಸಂಖ್ಯೆ ನಾಲ್ಕು ವರ್ಷವೂ ನಿಮ್ಮ ಹತ್ತಿರವೇ ಇರುವಂಥದ್ದಾಗಿರಲಿ. ಸೈಬರ್ ಸೆಂಟರಿನವರ ನಂಬರ್ ಕೊಡಲೇಬೇಡಿ. ಮುಂದಿನ ವರ್ಷ ಒಟಿಪಿ ಅವರಿಗೆ ಹೋಗುತ್ತದೆ.

3. ದಾಖಲೆಗಳ ಇ-ದೃಢೀಕರಣಕ್ಕೆ ಕಾಲೇಜಿನಲ್ಲೇ ಒಬ್ಬ ಅಧಿಕಾರಿಯನ್ನು ನೇಮಿಸಿರುತ್ತಾರೆ. ಅವರು ಯಾರು, ಯಾವ ಕೋಣೆ, ಯಾವ ಹೊತ್ತಿಗೆ ಸಿಗುತ್ತಾರೆ ಎಂದು ಕಚೇರಿಯಲ್ಲಿ ಕೇಳಿ. ಅವರು ಕೊಡುವ ಇ-ದೃಢೀಕರಣ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬಬೇಕು.

4. ಅರ್ಜಿ ಸಲ್ಲಿಸಿದ ಮೇಲೆ ಪ್ರಿಂಟ್ ತೆಗೆದಿಡಿ, ತಿಂಗಳಿಗೊಮ್ಮೆ ಸ್ಟೇಟಸ್ ನೋಡಿ. ‘ಸಬ್ಮಿಟೆಡ್’ ಎಂದು ಬಂದ ಮಾತ್ರಕ್ಕೆ ಮಂಜೂರಾಗಿದೆ ಎಂದು ತಿಳಿಯಬೇಡಿ.

ಕೊನೆಯ ದಿನಾಂಕ ಮುಂದಕ್ಕೆ ಹೋಗುತ್ತದೆ ಎಂದು ಸೀನಿಯರ್‌ಗಳು ಧೈರ್ಯ ಹೇಳುತ್ತಾರೆ. ಎಷ್ಟೋ ಸಲ ಹೋಗುತ್ತದೆ ಕೂಡ. ಆದರೆ ಆ ವಾರ ಇ-ದೃಢೀಕರಣದ ಕೋಣೆಯ ಮುಂದೆ ಇನ್ನೂರು ಜನ ನಿಂತಿರುತ್ತಾರೆ.

ಇಂಗ್ಲಿಷ್

ಮೊದಲ ತಿಂಗಳು ಅತಿ ಹೆಚ್ಚು ನೋಯಿಸುವುದು ಇದೇ, ಎಲ್ಲರೂ ಮುಚ್ಚಿಡುವುದೂ ಇದನ್ನೇ. ಪಿಯು ವಿಜ್ಞಾನದಲ್ಲೂ ಪುಸ್ತಕ ಇಂಗ್ಲಿಷಿನದೇ ಆಗಿತ್ತು, ನಿಜ. ಆದರೆ ಮೇಷ್ಟ್ರು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದು ಬಾಯಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಇಲ್ಲಿ ಪಾಠ ಮಾಡುವವರು ಹೊರರಾಜ್ಯದವರಿರಬಹುದು, ಪಕ್ಕದ ಬೆಂಚಿನವರು ಎಲ್‌ಕೆಜಿಯಿಂದ ಇಂಗ್ಲಿಷಿನಲ್ಲೇ ಓದಿದವರಿರಬಹುದು. ಅವರು ಸರಾಗವಾಗಿ ಪ್ರಶ್ನೆ ಕೇಳಿದಾಗ ಅವರಿಗೆ ವಿಷಯ ಗೊತ್ತಿದೆ, ನನಗಿಲ್ಲ ಎಂದು ಕುಗ್ಗಿಬಿಡುತ್ತೀರಿ. ಅವರಿಗೆ ಗೊತ್ತಿರುವುದು ಭಾಷೆ. ಗಣಿತದಲ್ಲಿ ಬರುವ ಕಾರ್ಡಿಯಾಯ್ಡ್ ಎಂಬ ಹೃದಯಾಕಾರದ ವಕ್ರರೇಖೆ ಅವರಿಗೂ ಹೊಸದೇ.

ಮೊದಲ ಕೆಲಸ ನೋಟ್ಸ್ ಬರೆಯುವ ರೀತಿ ಬದಲಿಸುವುದು. ಬಲಗಡೆಯ ಪುಟದಲ್ಲಿ ಮಾತ್ರ ಬರೆಯಿರಿ, ಎಡಪುಟ ಖಾಲಿ ಬಿಡಿ. ತರಗತಿಯಲ್ಲಿ ಬೋರ್ಡಿನ ಮೇಲಿನದನ್ನು ಬಲಗಡೆ ಇಳಿಸಿಕೊಳ್ಳಿ. ಅರ್ಥವಾಗದ ಪದ ಕಿವಿಗೆ ಬಿದ್ದಂತೆ ಕನ್ನಡ ಅಕ್ಷರದಲ್ಲೇ ಗೀಚಿ ಅಡಿಗೆರೆ ಹಾಕಿ, ಸ್ಪೆಲ್ಲಿಂಗಿಗೆ ತಲೆ ಕೆಡಿಸಿಕೊಂಡು ಮುಂದಿನ ವಾಕ್ಯ ಕಳೆದುಕೊಳ್ಳಬೇಡಿ. ಅದೇ ದಿನ ಸಂಜೆ, ಒಂದೊಂದು ತರಗತಿಗೆ ಇಪ್ಪತ್ತು ನಿಮಿಷದಂತೆ ಕೂತು, ಎಡಪುಟದಲ್ಲಿ ಕನ್ನಡದಲ್ಲಿ ಬರೆಯಿರಿ: ಇವತ್ತು ಏನು ಹೇಳಿದರು, ಯಾಕೆ ಹೀಗೆ ಮಾಡಿದರು. ಮರುದಿನಕ್ಕೆ ಬಿಟ್ಟರೆ ಅರ್ಧ ಮರೆತಿರುತ್ತದೆ, ವಾರಕ್ಕೆ ಬಿಟ್ಟರೆ ಅದು ಬೇರೆಯವರ ನೋಟ್ಸ್ ಓದಿದಂತಿರುತ್ತದೆ.

ಹೈಸ್ಕೂಲಿನಲ್ಲಿ ಕಲಿತ ಕನ್ನಡ ಪದಗಳನ್ನು ಎಸೆಯಬೇಡಿ. ಸಂವೇಗ ಎಂದರೆ ಮೊಮೆಂಟಮ್, ವೇಗೋತ್ಕರ್ಷ ಎಂದರೆ ಆಕ್ಸೆಲರೇಷನ್, ವಕ್ರೀಭವನ ಎಂದರೆ ರಿಫ್ರ್ಯಾಕ್ಷನ್, ವಿಭವಾಂತರ ಎಂದರೆ ಪೊಟೆನ್ಶಿಯಲ್ ಡಿಫರೆನ್ಸ್. ಹೀಗೆ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಜೋಡಿ ಪಟ್ಟಿ ಬೆಳೆಸಿ. ವಿಷಯಕ್ಕೆ ನೂರು ಪದ ಆಗುವಷ್ಟರಲ್ಲಿ ಆ ವಿಷಯದ ಪಾಠ ಕಿವಿಗೆ ಹತ್ತಲು ಶುರುವಾಗಿರುತ್ತದೆ. ಇಂಜಿನಿಯರಿಂಗ್‌ಗೆ ಬೇಕಾದ ಇಂಗ್ಲಿಷ್ ಕಾದಂಬರಿ ಓದುವ ಇಂಗ್ಲಿಷ್‌ಗಿಂತ ಬಹಳ ಕಿರಿದು.

ಇನ್ನು ಪ್ರಶ್ನೆಪತ್ರಿಕೆಯ ಭಾಷೆ. ‘ಡಿರೈವ್’ ಎಂದರೆ ಮೊದಲ ಸಾಲಿನಿಂದ ಕೊನೆಯ ಸೂತ್ರದವರೆಗೆ ಪ್ರತಿ ಹೆಜ್ಜೆಯೂ ಬೇಕು. ‘ಡಿಸ್ಟಿಂಗ್ವಿಶ್’ ಎಂದರೆ ಎರಡು ಕಂಬದ ಪಟ್ಟಿ ಬೇಕು. ಒಂದೊಂದರ ಬಗ್ಗೆ ಬೇರೆ ಬೇರೆ ಪ್ಯಾರಾ ಬರೆದರೆ ಅಂಕ ಕಡಿಮೆ. ‘ವಿತ್ ಎ ನೀಟ್ ಡಯಾಗ್ರಾಮ್’ ಎಂದಿದ್ದಾಗ ಚಿತ್ರಕ್ಕೇ ಅಂಕ ಇದೆ, ಭಾಗಗಳ ಹೆಸರು ಬರೆಯದ ಚಿತ್ರಕ್ಕೆ ಅರ್ಧವೂ ಬರುವುದಿಲ್ಲ. ‘ಜಸ್ಟಿಫೈ’ ಎಂದರೆ ಕಾರಣ ಕೊಡಿ.

ಡೌಟ್ ಕೇಳಲು ನಾಲಿಗೆ ಏಳದಿದ್ದರೆ ತರಗತಿ ಮುಗಿದ ಮೇಲೆ ಸ್ಟಾಫ್ ರೂಮಿಗೆ ಹೋಗಿ. ಪುಸ್ತಕ ತೆರೆದು, ಸಾಲಿನ ಮೇಲೆ ಬೆರಳಿಟ್ಟು, ‘ಸರ್, ಫ್ರಮ್ ಹಿಯರ್ ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್’ ಎಂದರೆ ಸಾಕು. ಬೆರಳಿಟ್ಟು ಕೇಳಿದ ಪ್ರಶ್ನೆಗೆ ವ್ಯಾಕರಣ ಬೇಕಾಗಿಲ್ಲ. ಕನ್ನಡ ಬರುವ ಮೇಡಂ, ಸರ್ ಆದರೆ ಕನ್ನಡದಲ್ಲೇ ಕೇಳಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಎಡವಿಸುವ ಮೂರು ವಿಷಯ

ಮೊದಲ ವರ್ಷವನ್ನು ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ಹಂಚಿರುತ್ತಾರೆ. ಅರ್ಧ ಜನ ಒಂದನ್ನು ಮೊದಲ ಸೆಮ್‌ನಲ್ಲಿ, ಉಳಿದವರು ಎರಡನೆಯದರಲ್ಲಿ ಓದುತ್ತಾರೆ. ಗಣಿತ ಮಾತ್ರ ಎರಡೂ ಸೆಮ್‌ಗೆ ಇದೆ.

ಗಣಿತದಲ್ಲಿ ಮೊದಲ ಮಾಡ್ಯೂಲೇ (ಸಿಲಬಸ್ಸಿನ ಒಂದು ಭಾಗ) ಪೋಲಾರ್ ಕರ್ವ್ಸ್, ಅಂದರೆ ದೂರ ಮತ್ತು ಕೋನದಿಂದ ಗುರುತಿಸುವ ವಕ್ರರೇಖೆಗಳು. ಪಿಯುವಿನಲ್ಲಿ ಎಕ್ಸ್, ವೈ ಬಿಟ್ಟು ಬೇರೆ ನೋಡಿಲ್ಲದವರಿಗೆ ಆರ್, ಥೀಟಾ ಬಂದು ಕೂರುತ್ತವೆ. ಒಂದು ಲೆಕ್ಕ ಹತ್ತಿರದಿಂದ ನೋಡಿ. ಆರ್ = ಎ(1 + ಕಾಸ್ ಥೀಟಾ) ಎಂಬ ಕಾರ್ಡಿಯಾಯ್ಡ್‌ಗೆ ಫೈ ಕೋನ (ಆರ್ ಗೆರೆಗೂ ಸ್ಪರ್ಶಕಕ್ಕೂ ನಡುವಿನ ಕೋನ) ಕಂಡುಹಿಡಿಯಬೇಕು. ಎರಡೂ ಕಡೆ ಲಾಗ್ ತೆಗೆದುಕೊಳ್ಳಿ, ಥೀಟಾಗೆ ಅವಕಲನ ಮಾಡಿ. ಎಡಗಡೆ ಬರುವುದೇ ಕಾಟ್ ಫೈ. ಬಲಗಡೆ ಮೈನಸ್ ಸೈನ್ ಥೀಟಾ ಭಾಗಿಸು 1 + ಕಾಸ್ ಥೀಟಾ. ಹೆಚ್ಚಿನವರು ನಿಲ್ಲುವುದು ಇಲ್ಲಿ. ಮುಂದೆ ಹೋಗಲು ಬೇಕಾದ್ದು ಪಿಯುವಿನ ಅರ್ಧಕೋನ ಸೂತ್ರ: ಮೇಲಿನದು 2 ಸೈನ್ ಅರ್ಧಥೀಟಾ ಕಾಸ್ ಅರ್ಧಥೀಟಾ, ಕೆಳಗಿನದು 2 ಕಾಸ್ ವರ್ಗ ಅರ್ಧಥೀಟಾ. ಹೊಡೆದು ಹಾಕಿದರೆ ಮೈನಸ್ ಟ್ಯಾನ್ ಅರ್ಧಥೀಟಾ ಉಳಿಯುತ್ತದೆ, ಅದೇ ಕಾಟ್ (90° + ಅರ್ಧಥೀಟಾ). ಹಾಗಾಗಿ ಫೈ = 90° + ಅರ್ಧಥೀಟಾ. ಹೊಸ ಪಾಠ ಎರಡೇ ಸಾಲು, ತಡೆದದ್ದು ಹಳೆಯ ತ್ರಿಕೋನಮಿತಿ. ಕ್ಲಾಸು ಶುರುವಾಗುವ ಮುನ್ನದ ಹದಿನೈದು ದಿನದಲ್ಲಿ ಪಿಯುವಿನ ತ್ರಿಕೋನಮಿತಿ ಸೂತ್ರಗಳು, ಅವಕಲನ ಮತ್ತು ಅನುಕಲನದ ಪಟ್ಟಿ, ಲಾಗ್ ನಿಯಮ ಇಷ್ಟನ್ನು ಕೈಗೆ ತಂದುಕೊಂಡರೆ ಅರ್ಧ ಸೆಮ್‌ನ ಗಣಿತ ಹಗುರವಾಗುತ್ತದೆ.

ಎರಡನೆಯದು ಕಂಪ್ಯೂಟರ್‌ನಲ್ಲಿ ಮಾಡುವ ಇಂಜಿನಿಯರಿಂಗ್ ಡ್ರಾಯಿಂಗ್. ಮೌಸ್ ಹಿಡಿದೇ ಗೊತ್ತಿಲ್ಲದವರು ಸಾಫ್ಟ್‌ವೇರ್‌ಗೆ ಹೆದರುತ್ತಾರೆ. ಆದರೆ ತಪ್ಪುವುದು ಕಲ್ಪನೆಯಲ್ಲಿ. ಸಾಬೂನು ಪೆಟ್ಟಿಗೆಯನ್ನು ಎದುರಿಗಿಟ್ಟು ಗ್ರಾಫ್ ಶೀಟಿನ ಮೇಲೆ ಮುಂದಿನ ನೋಟ, ಮೇಲಿನ ನೋಟ ಕೈಯಲ್ಲೇ ಬಿಡಿಸಿ. ಫಸ್ಟ್ ಆ್ಯಂಗಲ್ ಪದ್ಧತಿಯಲ್ಲಿ ಮುಂದಿನ ನೋಟ ಎಕ್ಸ್‌ವೈ ಎಂಬ ಅಡ್ಡಗೆರೆಯ ಮೇಲ್ಗಡೆ, ಮೇಲಿನ ನೋಟ ಗೆರೆಯ ಕೆಳಗೆ. ಪೆಟ್ಟಿಗೆಯನ್ನು ಓರೆ ಮಾಡಿ ಮತ್ತೆ ಬಿಡಿಸಿ. ಹತ್ತು ಸಲ ಹೀಗೆ ಮಾಡಿದವರಿಗೆ ಲ್ಯಾಬ್ ಭಾರವಾಗುವುದಿಲ್ಲ.

ಮೂರನೆಯದು ಸಿ ಪ್ರೋಗ್ರಾಮಿಂಗ್. ಬಾಯಿಪಾಠ ಮಾಡಿದವರಿಗೆ ಒಂದು ಸೆಮಿಕೋಲನ್ ಬಿಟ್ಟುಹೋದರೂ ಲ್ಯಾಬ್ ಪರೀಕ್ಷೆಯಲ್ಲಿ ಬೆವರು ಇಳಿಯುತ್ತದೆ. ಬರುವ ದೋಷದ ಸಂದೇಶದಲ್ಲಿ ಸಾಲಿನ ಸಂಖ್ಯೆ ಇರುತ್ತದೆ. ಆ ಸಾಲು ಮತ್ತು ಅದರ ಮೇಲಿನ ಸಾಲು ನೋಡಿ, ಬಿಟ್ಟುಹೋದ ಸೆಮಿಕೋಲನ್ ಹೆಚ್ಚಾಗಿ ಮೇಲಿನ ಸಾಲಿನಲ್ಲಿರುತ್ತದೆ. ಲ್ಯಾಪ್‌ಟಾಪ್‌ಗೆಂದು ಅಪ್ಪ ಸಾಲ ಮಾಡುವುದು ಬೇಡ, ಮೊದಲ ಸೆಮ್‌ಗೆ ಅದು ಬೇಕಿಲ್ಲ. ಲ್ಯಾಬ್ ಖಾಲಿ ಇರುವ ಹೊತ್ತು ಕೇಳಿಕೊಂಡು ಕೂತರೆ ಸಾಕು, ಮೊಬೈಲಿನಲ್ಲೂ ಆನ್‌ಲೈನ್ ಕಂಪೈಲರ್ ಓಡುತ್ತದೆ.

ಲ್ಯಾಬ್ ರೆಕಾರ್ಡನ್ನು ಆಯಾ ವಾರವೇ ಬರೆದು ಸಹಿ ಹಾಕಿಸಿ. ಸೆಮ್ ಕೊನೆಯಲ್ಲಿ ಹತ್ತು ಪ್ರಯೋಗ ಒಟ್ಟಿಗೆ ಬರೆಯಲು ಎರಡು ರಾತ್ರಿ ಹೋಗುತ್ತದೆ, ಅದೂ ಪರೀಕ್ಷೆಗೆ ಓದಬೇಕಾದ ರಾತ್ರಿಗಳು.

ಹಾಜರಾತಿ ಮತ್ತು ಅಂಕದ ಲೆಕ್ಕ

ಪ್ರತಿ ವಿಷಯಕ್ಕೂ ಬೇರೆ ಬೇರೆಯಾಗಿ ಶೇ. 85 ಹಾಜರಾತಿ ಬೇಕು, ಒಟ್ಟು ಸರಾಸರಿಯನ್ನು ನೋಡುವುದಿಲ್ಲ. ವಾರಕ್ಕೆ 4 ತರಗತಿ, 14 ವಾರ ಎಂದರೆ 56. ಅದರಲ್ಲಿ 48ಕ್ಕೆ ಇರಬೇಕು, ತಪ್ಪಿಸಬಹುದಾದದ್ದು 8. ಲ್ಯಾಬ್ ವಾರಕ್ಕೊಮ್ಮೆ, 14 ಸಲ ನಡೆದರೆ ಎರಡೇ ತಪ್ಪಿಸಬಹುದು. ಲ್ಯಾಬ್ ಸೋಮವಾರವೋ ಶನಿವಾರವೋ ಬಿದ್ದಿದ್ದು, ನೀವು ಊರಿಗೆ ಹೋಗುವುದೂ ಅದೇ ದಿನ ಎಂದಾದರೆ ಮೂರನೇ ಸಲಕ್ಕೇ ಅಪಾಯ. ಜ್ವರ ಬಂದರೆ ಡಾಕ್ಟರ್ ಚೀಟಿ, ಔಷಧಿ ಬಿಲ್ ಇಟ್ಟುಕೊಳ್ಳಿ, ಕಾಲೇಜಿಗೆ ಮರಳಿದ ದಿನವೇ ಪ್ರಾಕ್ಟರ್ (ನಿಮ್ಮನ್ನು ನೋಡಿಕೊಳ್ಳುವ ಅಧ್ಯಾಪಕರು) ಕೈಗೆ ಕೊಡಿ. ಸಕಾರಣಕ್ಕೆ ರಿಯಾಯಿತಿ ಕೊಡುವ ಅವಕಾಶ ನಿಯಮದಲ್ಲಿದೆ, ಆದರೆ ಸೆಮ್ ಕೊನೆಯಲ್ಲಿ ತಂದ ಚೀಟಿಯನ್ನು ಯಾರೂ ನಂಬುವುದಿಲ್ಲ.

ಅಂಕದ್ದು ಇನ್ನೂ ಸೂಕ್ಷ್ಮ. ವಿಟಿಯುವಿನ 2022ರ ಸ್ಕೀಮಿನ (ಪಠ್ಯ ಮತ್ತು ಪರೀಕ್ಷೆಯ ಪದ್ಧತಿ) ಥಿಯರಿ ವಿಷಯದಲ್ಲಿ ಇಂಟರ್ನಲ್ಸ್‌ಗೆ 50, ಸೆಮ್ ಪರೀಕ್ಷೆಗೆ 50. ಇಂಟರ್ನಲ್ಸ್‌ನಲ್ಲಿ 20 ಬಾರದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಪರೀಕ್ಷೆಯಲ್ಲಿ ಕನಿಷ್ಠ 18 ಬೇಕು, ಎರಡೂ ಸೇರಿ 40 ಆಗಬೇಕು. ಕೂಡಿಸಿ ನೋಡಿ: 20 + 18 = 38. ಎರಡರಲ್ಲೂ ಗಡಿ ದಾಟಿಯೂ ಫೇಲ್. ಹಾಗಾಗಿ ಇಂಟರ್ನಲ್ಸ್‌ನಲ್ಲಿ ಮೂವತ್ತರ ಮೇಲೆ ಗಳಿಸಿಟ್ಟವರು ನೆಮ್ಮದಿಯಾಗಿ ಪರೀಕ್ಷೆ ಬರೆಯುತ್ತಾರೆ. ಸ್ಕೀಮ್ ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತದೆ. ನಿಮ್ಮ ಬ್ಯಾಚಿನದು ಯಾವ ವರ್ಷದ್ದು ಎಂದು ಸಿಲಬಸ್ ಪುಸ್ತಕದ ಮೊದಲ ಪುಟದಲ್ಲಿ ನೋಡಿ, ಸೀನಿಯರ್ ಲೆಕ್ಕವನ್ನು ಕುರುಡಾಗಿ ನಂಬಬೇಡಿ.

ಸೆಮ್ ಪರೀಕ್ಷೆ 3 ಗಂಟೆ, 100 ಅಂಕಕ್ಕೆ ನಡೆದು 50ಕ್ಕೆ ಇಳಿಯುತ್ತದೆ. ಐದು ಮಾಡ್ಯೂಲ್, ಒಂದೊಂದರಿಂದ ಎರಡು ಪೂರ್ಣ ಪ್ರಶ್ನೆ, ಅದರಲ್ಲಿ ಒಂದನ್ನು ಬರೆಯಬೇಕು, ತಲಾ 20 ಅಂಕ. ಒಂದು ಮಾಡ್ಯೂಲ್ ಪೂರ್ತಿ ಬಿಟ್ಟರೆ ಆ 20 ಎಲ್ಲಿಂದಲೂ ವಾಪಸ್ ಬರುವುದಿಲ್ಲ. ಒಂದು ಪ್ರಶ್ನೆಗೆ 34 ನಿಮಿಷ ಇಟ್ಟುಕೊಳ್ಳಿ, ಕೊನೆಯ 10 ನಿಮಿಷ ಪ್ರಶ್ನೆ ಸಂಖ್ಯೆ ಸರಿಯಾಗಿದೆಯೇ ನೋಡಲು. ಅದೇ ಮಾಡ್ಯೂಲಿನ ಎರಡು ಪ್ರಶ್ನೆ ಬರೆದು ಇನ್ನೊಂದನ್ನು ಬಿಟ್ಟವರು ಪ್ರತಿ ಸಲ ಇರುತ್ತಾರೆ. ಹಳೆಯ ಪ್ರಶ್ನೆಪತ್ರಿಕೆ ಐದಾರನ್ನು ಕಾಲೇಜಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲೇ ಕೊಳ್ಳಬಹುದು. ಅವನ್ನು ಓದಿ ಮುಗಿಸಿದರೆ ಪ್ರಯೋಜನ ಕಡಿಮೆ, ಗಡಿಯಾರ ಇಟ್ಟುಕೊಂಡು ಕನಿಷ್ಠ ಎರಡನ್ನು ಪೂರ್ತಿ ಬರೆಯಿರಿ.

ಮನಸ್ಸು, ಮನೆ, ಸೀನಿಯರ್‌ಗಳು

ಮನೆಯ ನೆನಪು ಮೊದಲ ವಾರಕ್ಕಿಂತ ಮೂರನೇ, ನಾಲ್ಕನೇ ವಾರದಲ್ಲಿ ಜಾಸ್ತಿ ಕಾಡುತ್ತದೆ. ಹೊಸತನ ಇಳಿದಿರುತ್ತದೆ, ಗೆಳೆಯರು ಇನ್ನೂ ಆಗಿರುವುದಿಲ್ಲ. ಪ್ರತಿ ಶನಿವಾರ ಊರಿನ ಬಸ್ ಹತ್ತುವವರು ಸೆಮ್ ಮುಗಿದರೂ ಇಲ್ಲಿ ಯಾರನ್ನೂ ಮಾಡಿಕೊಂಡಿರುವುದಿಲ್ಲ. ಮೊದಲ ಎರಡು ತಿಂಗಳು ಮೂರು ವಾರಕ್ಕೊಮ್ಮೆ ಹೋಗಿ. ಅಮ್ಮನಿಗೆ ದಿನಾ ಒಂದೇ ಹೊತ್ತಿಗೆ, ಊಟವಾದ ಮೇಲೆ ಫೋನ್ ಮಾಡಿ. ಇಂಟರ್ನಲ್ಸ್‌ನಲ್ಲಿ ಕಡಿಮೆ ಬಂದರೆ ಅದನ್ನೂ ಹೇಳಿ. ಒಂದು ಸಲ ‘ಚೆನ್ನಾಗಾಯ್ತು’ ಎಂದರೆ ಆ ಸುಳ್ಳು ಕಾಯಲು ಇನ್ನೂ ಹತ್ತು ಹೇಳಬೇಕಾಗುತ್ತದೆ. ನಿದ್ದೆ, ಊಟ ಬಿಟ್ಟುಹೋಗಿ, ತರಗತಿಗೆ ಹೋಗಲು ಮನಸ್ಸೇ ಬಾರದೆ ಎರಡು ವಾರ ಕಳೆದರೆ ಒಬ್ಬರೇ ಒದ್ದಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ.

ಸೀನಿಯರ್‌ಗಳಲ್ಲಿ ಹೆಚ್ಚಿನವರು ಪುಸ್ತಕ ಕೊಟ್ಟು ದಾರಿ ತೋರಿಸುವವರೇ. ಯಾರಾದರೂ ರೆಕಾರ್ಡ್ ಬರೆಸಿದರೆ, ಹಣ ಕೇಳಿದರೆ, ರಾತ್ರಿ ಕೋಣೆಗೆ ಕರೆಸಿ ಅವಮಾನ ಮಾಡಿದರೆ ಅದು ರ‍್ಯಾಗಿಂಗ್. ಯುಜಿಸಿಯ 2009ರ ನಿಯಮದ ಪ್ರಕಾರ ಕಾಲೇಜು ಕ್ರಮ ಕೈಗೊಳ್ಳಲೇಬೇಕು. ಸಹಾಯವಾಣಿ 1800-180-5522, ಹಗಲು ರಾತ್ರಿ ತೆರೆದಿರುತ್ತದೆ.

ಫಲಿತಾಂಶ ಬಂದ ದಿನ

ಬ್ಯಾಕ್, ಅಂದರೆ ಪಾಸಾಗದ ವಿಷಯ ಉಳಿದರೆ ಅಳುತ್ತಾ ಕೂರಲು ಒಂದು ಸಂಜೆ ಸಾಕು, ಮರುದಿನ ಬೆಳಿಗ್ಗೆಯೇ ಕೆಲಸ ಇದೆ. ಉತ್ತರಪತ್ರಿಕೆಯ ನಕಲು ಪ್ರತಿಗೆ ಮತ್ತು ಮರುಮೌಲ್ಯಮಾಪನಕ್ಕೆ ಕೊಡುವ ಅವಧಿ ಕೆಲವೇ ದಿನ, ಶುಲ್ಕವೂ ಕಟ್ಟಬೇಕು. ಮೊದಲು ನಕಲು ಪ್ರತಿ ತರಿಸಿ, ಆ ವಿಷಯದ ಸರ್ ಅಥವಾ ಮೇಡಂಗೆ ತೋರಿಸಿ, ನಾಲ್ಕೈದು ಅಂಕ ಏರುವಂತಿದೆ ಎಂದು ಅವರು ಹೇಳಿದರೆ ಮಾತ್ರ ಮುಂದಿನ ಹಣ ಕಟ್ಟಿ. ಎರಡನೇ ವರ್ಷಕ್ಕೆ ಹೋಗಲು ಎಷ್ಟು ಬ್ಯಾಕ್‌ವರೆಗೆ ಬಿಡುತ್ತಾರೆ ಎಂಬುದನ್ನು ನಿಮ್ಮ ಸ್ಕೀಮಿನ ನಿಯಮದಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಉಳಿದ ವಿಷಯದ ಪರೀಕ್ಷಾ ಅರ್ಜಿಯನ್ನು ಮುಂದಿನ ಸೆಮ್‌ನ ಅರ್ಜಿಯ ಜೊತೆಗೇ ತುಂಬಿ. ಎರಡನೇ ಸೆಮ್‌ನ ಪ್ರತಿ ಭಾನುವಾರ ಬೆಳಗಿನ ಎರಡು ಗಂಟೆ ಆ ವಿಷಯಕ್ಕೇ ಮೀಸಲಿಡಿ, ವಾರದ ಉಳಿದ ದಿನಗಳಲ್ಲಿ ಅದನ್ನು ಮುಟ್ಟಬೇಡಿ. ಇಲ್ಲದಿದ್ದರೆ ಹಳೆಯದನ್ನು ಹಿಡಿಯಲು ಹೋಗಿ ಹೊಸ ಸೆಮ್‌ನ ಇಂಟರ್ನಲ್ಸ್ ಕೈತಪ್ಪುತ್ತದೆ.